ತಂತಿ ಕಡಿದರೆ ಯಂತ್ರ ನಿಲ್ಲಬೇಕು

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಆಂಜನೇಯನ ದರ್ಶನಕ್ಕೆ ಹೋದವರು ಕಾಣುವ ಕಾವೇರಿ, ಅಲ್ಲಿಗೆ ಬರುವ ಮುನ್ನವೇ ಒಂದು ದೊಡ್ಡ ಕೆಲಸ ಮುಗಿಸಿ ಬಂದಿರುತ್ತಾಳೆ. ಮೇಲ್ಭಾಗದ ಶಿವನಸಮುದ್ರದಲ್ಲಿ ಇದೇ ನೀರು 1902ರಲ್ಲಿ ವಿದ್ಯುತ್ತಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಹೊಣೆ ಹೊತ್ತವರು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ದೀಪ ಬೆಳಗುವ ಮೊದಲೇ, 1901ರಲ್ಲಿ, ಶೇಷಾದ್ರಿ ಅಯ್ಯರ್ ತೀರಿಕೊಂಡರು. ಇಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋದ ತಂತಿ ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಹೊತ್ತಿಕೊಂಡವು. 1940ರಲ್ಲಿ ಇದೇ ತಾಲ್ಲೂಕಿನ ಶಿಂಷಾ ವಿದ್ಯುದಾಗಾರವೂ ಸೇರಿಕೊಂಡಿತು.

ಈ ಸಾಹಸದ ಕಥೆ ನಮಗೆ ಗೊತ್ತು. ಆದರೆ ಸಾವಿರಾರು ವೋಲ್ಟ್ ವಿದ್ಯುತ್ತನ್ನು ಪಳಗಿಸಲು ಮನುಷ್ಯ ಕಂಡುಕೊಂಡ ಉಪಾಯದ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ದೊಡ್ಡ ಶಕ್ತಿಯನ್ನು ಕೈಯಿಂದ ಮುಟ್ಟಬಾರದು. ಸಣ್ಣ ಶಕ್ತಿಯ ಮೂಲಕ ಅದಕ್ಕೆ ಆಜ್ಞೆ ಕೊಡಬೇಕು. ಇದೇ ಆ ಉಪಾಯ. ಅದನ್ನು ಸಾಧಿಸಿಕೊಟ್ಟದ್ದು ರಿಲೇ. ಸಣ್ಣ ವಿದ್ಯುತ್ ಹರಿದಾಗ ಕಾಂತವಾಗಿ, ಇನ್ನೊಂದು ದೊಡ್ಡ ಸ್ವಿಚ್ಚನ್ನು ಎಳೆಯುವ ಸುರುಳಿ ಅದು. ಕಾರ್ಖಾನೆಗಳ ಗೋಡೆಗಳ ಮೇಲೆ ಇಂಥ ನೂರಾರು ರಿಲೇಗಳ ಫಲಕಗಳು ದಶಕಗಳ ಕಾಲ ಟಕಟಕ ಸದ್ದು ಮಾಡಿದವು.

ತೊಂದರೆ ಒಂದೇ. ಉತ್ಪಾದನೆಯ ಕ್ರಮ ಬದಲಾದರೆ ಇಡೀ ಫಲಕದ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಿತ್ತು. ಇದರಿಂದ ಬೇಸತ್ತ ಅಮೆರಿಕದ ಜನರಲ್ ಮೋಟಾರ್ಸ್ 1968ರಲ್ಲಿ ಪರ್ಯಾಯ ಹುಡುಕಿತು. ಡಿಕ್ ಮಾರ್ಲೆ ಮತ್ತು ಸಂಗಡಿಗರು ರೂಪಿಸಿದ ‘ಮಾಡಿಕಾನ್ 084’ ಅದಕ್ಕೆ ಉತ್ತರವಾಯಿತು. ಪಿಎಲ್‌ಸಿ ಎಂದು ಇಂದು ಕಾರ್ಖಾನೆಗಳಲ್ಲಿ ಕರೆಯುವ ನಿಯಂತ್ರಕ ಯಂತ್ರದ ಆದಿ ಇದು. ತಂತಿ ಬದಲಿಸುವ ಬದಲು ಬರಹ ಬದಲಿಸಿದರೆ ಸಾಕಾಯಿತು.

ಆದರೆ ಬರಹಕ್ಕೆ ಕಣ್ಣು ಬೇಕಲ್ಲ! ಗೇಟು ಮುಚ್ಚಿದೆಯೇ, ಟ್ಯಾಂಕು ತುಂಬಿದೆಯೇ, ಕಾರ್ಮಿಕ ಗುಂಡಿ ಒತ್ತಿದನೇ ಎಂಬುದನ್ನು ಪಿಎಲ್‌ಸಿಗೆ ತಿಳಿಸುವ ಭಾಗವೇ ಡಿಜಿಟಲ್ ಇನ್‌ಪುಟ್ ಮಾಡ್ಯೂಲ್. ಅದಕ್ಕೆ ಗೊತ್ತಿರುವುದು ಎರಡೇ ಮಾತು: ‘ಇದೆ’, ‘ಇಲ್ಲ’. ಸಾಮಾನ್ಯವಾಗಿ 24 ವೋಲ್ಟ್ ಡಿಸಿಯಲ್ಲಿ ಅದು ಕೆಲಸ ಮಾಡುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಒಂದು ಬಗೆಯಲ್ಲಿ 15 ವೋಲ್ಟ್ ಮೀರಿದರೆ ‘ಇದೆ’, 5ಕ್ಕಿಂತ ಕೆಳಗಿದ್ದರೆ ‘ಇಲ್ಲ’. ನಡುವಿನದನ್ನು ನಂಬುವಂತಿಲ್ಲ. ಮಾಡ್ಯೂಲಿನೊಳಗೆ ಹೊರಗಿನ ತಂತಿಗೂ ಒಳಗಿನ ಸೂಕ್ಷ್ಮ ಭಾಗಗಳಿಗೂ ನೇರ ಸಂಪರ್ಕವೇ ಇಲ್ಲದಂತೆ, ಸುದ್ದಿಯನ್ನು ಬೆಳಕಿನ ಮೂಲಕ ದಾಟಿಸುವ ಏರ್ಪಾಡು ಸಾಮಾನ್ಯ. ಹೊರಗಿನ ಏರುಪೇರು ಒಳಗಿನದನ್ನು ಸುಡದಿರಲಿ ಎಂಬುದು ಇದರ ಉದ್ದೇಶ.

ಇಲ್ಲಿಗೆ ಅಪಾಯ ತೀರಿತೆಂದಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಪಟ್ಟಿಯ ಪಕ್ಕದ ನಿಲ್ಲಿಸುವ ಗುಂಡಿಯನ್ನೇ ನೋಡೋಣ. ಒತ್ತಿದಾಗ ವಿದ್ಯುತ್ ಹರಿಯುವಂತೆ ಅದನ್ನು ಜೋಡಿಸಿದರೆ, ಇಲಿ ತಂತಿ ಕಡಿದ ದಿನ ಯಾರಿಗೂ ತಿಳಿಯುವುದಿಲ್ಲ. ಪಟ್ಟಿಗೆ ಕೈ ಸಿಕ್ಕ ಕಾರ್ಮಿಕ ಒತ್ತಿದಾಗಲೇ ಅದು ತಿಳಿಯುವುದು. ಆದ್ದರಿಂದ ತಜ್ಞರು ತಿರುಗುಮುರುಗಾಗಿ ಜೋಡಿಸುತ್ತಾರೆ. ಎಲ್ಲ ಸರಿಯಿರುವಾಗ ವಿದ್ಯುತ್ ಸದಾ ಹರಿಯುತ್ತಿರಬೇಕು. ಗುಂಡಿ ಒತ್ತಿದರೂ ತಂತಿ ಕಡಿದರೂ ಅದು ನಿಲ್ಲಬೇಕು, ಯಂತ್ರವೂ ನಿಲ್ಲಬೇಕು. ಇದು ಕಂಪ್ಯೂಟರ್ ಯುಗದ ಜಾಣ್ಮೆಯಲ್ಲ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ರೈಲು ಹಳಿಗಳಿಗೆ ಇದೇ ತತ್ವ ಅಳವಡಿಸಿದ್ದರು. ಹಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತು ರೈಲು ಬಂದಾಗ ರಿಲೇಗೆ ತಲುಪದು. ತಂತಿ ಕಡಿದಾಗಲೂ ತಲುಪದು. ಎರಡು ಸಂದರ್ಭದಲ್ಲೂ ಸಿಗ್ನಲ್ ಕೆಂಪೇ. ಮೌನವನ್ನು ಅಪಾಯವೆಂದೇ ತಿಳಿಯಬೇಕೆಂಬ ಈ ಪಾಠ ಇಂದಿಗೂ ಹಳೆಯದಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. 24 ವೋಲ್ಟ್ ಪೂರೈಕೆಯ ಸೊನ್ನೆ ತುದಿಯನ್ನು ನೆಲಕ್ಕೆ ಅರ್ಥ್ ಮಾಡಿ, ಸ್ವಿಚ್ಚನ್ನು ಧನ ತುದಿಯ ಕಡೆ ಇಡುವುದು ಒಳ್ಳೆಯದು. ಆಗ ತಂತಿಯ ಹೊದಿಕೆ ಸುಲಿದು ಕಬ್ಬಿಣದ ಚೌಕಟ್ಟಿಗೆ ತಾಗಿದರೆ ಫ್ಯೂಸ್ ಸುಟ್ಟು ‘ಇಲ್ಲ’ ಎಂಬ ಸುದ್ದಿ ಹೋಗುತ್ತದೆ. ಸ್ವಿಚ್ಚು ಸೊನ್ನೆಯ ಕಡೆಗಿದ್ದರೆ ಅದೇ ದೋಷ ‘ಇದೆ’ ಎಂದು ಸುಳ್ಳು ಹೇಳೀತು. ಮೋಟಾರಿನ ದಪ್ಪ ಕೇಬಲ್ಲುಗಳ ಜೊತೆಯಲ್ಲೇ ಈ ತೆಳು ತಂತಿಗಳನ್ನು ಎಳೆಯುವುದೂ ತಪ್ಪು. ಪಕ್ಕದ ತಂತಿಯ ವಿದ್ಯುತ್ತಿನ ಪ್ರಭಾವದಿಂದ ಯಾರೂ ಒತ್ತದ ಗುಂಡಿ ಒತ್ತಿದಂತೆ ತೋರಬಹುದು.

ಇಷ್ಟೆಲ್ಲ ಮಾಡಿದರೂ ಪ್ರಾಣ ಉಳಿಸುವ ಗುಂಡಿಯನ್ನು ಸಾಮಾನ್ಯ ಇನ್‌ಪುಟ್ ಒಂದಕ್ಕೇ ಒಪ್ಪಿಸುವಂತಿಲ್ಲ. ಒಂದು ತಂತಿಗೆ ಬೇರೆಡೆಯಿಂದ 24 ವೋಲ್ಟ್ ತಾಗಿದರೆ ಮಾಡ್ಯೂಲು ‘ಎಲ್ಲ ಕ್ಷೇಮ’ ಎಂದೇ ನಂಬುತ್ತದೆ. ಹಾಗಾಗಿ ತುರ್ತು ನಿಲುಗಡೆಯ ಗುಂಡಿಗೆ ಎರಡು ಪ್ರತ್ಯೇಕ ಜೋಡಿ ತಂತಿಗಳಿರುತ್ತವೆ. ಅವು ಸುರಕ್ಷತಾ ರಿಲೇ ಮೂಲಕ ಮೋಟಾರಿನ ವಿದ್ಯುತ್ತನ್ನೇ ಕಡಿಯುತ್ತವೆ. ಪಿಎಲ್‌ಸಿಗೆ ಹೋಗುವುದು ಸುದ್ದಿ ಮಾತ್ರ. ಎಲ್ಲವನ್ನೂ ಬರಹಕ್ಕೆ ಬಿಟ್ಟುಕೊಟ್ಟಂತೆ ಕಂಡ ಕಾರ್ಖಾನೆಯಲ್ಲಿ ಹಳೆಯ ರಿಲೇ ಹೀಗೆ ಕಾವಲುಗಾರನಾಗಿ ಉಳಿದುಕೊಂಡಿದೆ.

ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಮೊದಲು ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ವಿದ್ಯುತ್ತಿಲ್ಲವೆಂದು ಮೀಟರ್ ಹಿಡಿದು ಖಚಿತಪಡಿಸಿಕೊಂಡ ಮೇಲೆಯೇ ತಂತಿ ಮುಟ್ಟುತ್ತಾನೆ. ಜೋಡಣೆ ಮುಗಿದ ಬಳಿಕ ಅವನದು ಇನ್ನೊಂದು ಪರೀಕ್ಷೆ. ಒಂದೊಂದೇ ತಂತಿಯನ್ನು ಬೇಕೆಂದೇ ಬಿಡಿಸುತ್ತಾನೆ, ಪ್ರತಿ ಸಲವೂ ಯಂತ್ರ ನಿಲ್ಲುತ್ತದೆಯೇ ಎಂದು ನೋಡುತ್ತಾನೆ. ನಿಲ್ಲದಿದ್ದರೆ, ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದರೂ ಕೆಲಸ ಮುಗಿದಿಲ್ಲ.