ಮೂರು ಮನೆ ಕೆಲಸ

ಡಿಸೆಂಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ನ್ಯೂಜೆರ್ಸಿಯಲ್ಲಿ ನಾನು ಊರವರ ತೆರಿಗೆ ಲೆಕ್ಕ ಬರೆದುಕೊಡುವವಳು. 2025ರ ಕೊನೆಯಲ್ಲಿ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕಾ, ನ್ಯಾನಿ ನಮ್ಮನೆಗೆ ಬರೋದು ವಾರಕ್ಕೆ ಒಂದೇ ಮಧ್ಯಾಹ್ನ. ನಾವೂ ತೆರಿಗೆ ಕಟ್ಬೇಕಾ?"

ಆ ನ್ಯಾನಿ ಇನ್ನೆರಡು ಮನೆಗೂ ಹೋಗುತ್ತಿದ್ದಳು. ವರ್ಷ ಮುಗಿಯುವಷ್ಟರಲ್ಲಿ ಮೂರೂ ಮನೆಯವರು ತಲಾ 2,500 ಡಾಲರ್ ಕೊಟ್ಟಂತಾಗುತ್ತಿತ್ತು. ಆ ವರ್ಷದ ಮಿತಿ ಮನೆಯೊಂದಕ್ಕೆ 2,800. ಅಷ್ಟು ಮುಟ್ಟಿದರೆ ಮಾತ್ರ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಮುಪ್ಪಿನ ಆರೋಗ್ಯ ವಿಮೆ) ತೆರಿಗೆ: ಮನೆಯವರದು ನೂರಕ್ಕೆ 7.65, ಕೆಲಸದವರದೂ ಅಷ್ಟೇ. "ಕಟ್ಟಬೇಕಾಗಿಲ್ಲ" ಎಂದೆ. ಅವಳು ನಿರಾಳವಾಗಿ ಫೋನಿಟ್ಟಳು. ನನಗೆ ನಿರಾಳವಾಗಲಿಲ್ಲ. ಅದೇ 7,500 ಒಂದೇ ಮನೆಯಿಂದ ಬಂದಿದ್ದರೆ ನ್ಯಾನಿಯ ಪಿಂಚಣಿ ಲೆಕ್ಕಕ್ಕೆ ವರ್ಷದ ನಾಲ್ಕೂ ಕ್ರೆಡಿಟ್ ಸೇರುತ್ತಿದ್ದವು. ಮೂರು ಮನೆಗೆ ಹಂಚಿಹೋದ ತಪ್ಪಿಗೆ ಸೊನ್ನೆ.

ಮೈಸೂರಿನ ನಮ್ಮಜ್ಜಿ ಹೊಸದಾಗಿ ಬಂದ ಕೆಲಸದವಳನ್ನು ಮೊದಲು ಕೇಳುತ್ತಿದ್ದುದು "ಎಷ್ಟು ಮನೆ ಮಾಡ್ತೀಯ?" ಎಂದು. ಅಮೆರಿಕದ ಕಾಯ್ದೆಯೂ ಮನೆಗಳನ್ನು ಎಣಿಸುತ್ತದೆ, ಆದರೆ ಕೂಡುವುದಿಲ್ಲ. ಇದರ ಬೇರು 1935ರಷ್ಟು ಹಿಂದಿದೆ.

ಆ ವರ್ಷದ ಆಗಸ್ಟಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ಹೊಲದ ಆಳುಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಮನೆಮನೆಯ ಅಡುಗೆಕೋಣೆಯಿಂದ ತೆರಿಗೆ ಎತ್ತುವುದು ಆಗದ ಮಾತು ಎಂದು ಖಜಾನೆಯವರು ವಾದಿಸಿದ್ದರು. ದುಡಿಯುವ ಕಪ್ಪು ಹೆಂಗಸರಲ್ಲಿ ಹೆಚ್ಚಿನವರು ಇದ್ದದ್ದು ಈ ಎರಡು ಕೆಲಸಗಳಲ್ಲೇ. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ವಕೀಲ ಚಾರ್ಲ್ಸ್ ಹ್ಯೂಸ್ಟನ್ ಸೆನೆಟ್ ಸಮಿತಿಯ ಮುಂದೆ ಆ ಮಸೂದೆಯನ್ನು ಜರಡಿಗೆ ಹೋಲಿಸಿದರು. ಅದರ ಕಣ್ಣುಗಳು ಕಪ್ಪು ಜನ ಸೋರಿಹೋಗುವಷ್ಟು ಅಗಲವಾಗಿವೆ ಎಂದರು.

ಸೋರಿಹೋದವರು ಎಲ್ಲಿದ್ದರು? ಅದೇ ವರ್ಷ ಲೇಖಕಿಯರಾದ ಎಲಾ ಬೇಕರ್ ಮತ್ತು ಮಾರ್ವೆಲ್ ಕುಕ್ 'ದ ಕ್ರೈಸಿಸ್' ಪತ್ರಿಕೆಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬೀದಿಗಳ ಬಗ್ಗೆ ಬರೆದರು. ಮೂಲೆಯಲ್ಲಿ ನಿಂತ ಹೆಂಗಸರನ್ನು ಗೃಹಿಣಿಯರು ಬಂದು ಚೌಕಾಸಿ ಮಾಡಿ ಗಂಟೆಯ ಲೆಕ್ಕದಲ್ಲಿ ಕರೆದೊಯ್ಯುತ್ತಿದ್ದರು. ಗಂಟೆಗೆ 15 ಸೆಂಟ್, ಅದೃಷ್ಟವಿದ್ದರೆ 30. 1950ರಲ್ಲಿ ಕುಕ್ ಮತ್ತೆ ಹೋಗಿ ತಾವೇ ಆ ಸಾಲಿನಲ್ಲಿ ನಿಂತರು. ಕೆಲಸದ ಬಟ್ಟೆಯ ಕಾಗದದ ಚೀಲ ಹಿಡಿದ ಹೆಂಗಸರು ಇನ್ನೂ ಅಲ್ಲೇ ಇದ್ದರು.

1950ರಲ್ಲೇ ಕಾಯ್ದೆ ತಿದ್ದುಪಡಿಯಾಯಿತು. 1951ರ ಜನವರಿಯಿಂದ ಮನೆಗೆಲಸದವರಿಗೂ ಬಾಗಿಲು ತೆರೆಯಿತು. ಆದರೆ ಷರತ್ತು ನೋಡಿ: ಮೂರು ತಿಂಗಳಲ್ಲಿ ಒಂದೇ ಮನೆಯಲ್ಲಿ 24 ದಿನ ದುಡಿದಿರಬೇಕು, 50 ಡಾಲರ್ ನಗದು ಪಡೆದಿರಬೇಕು. ವಾರಕ್ಕೆರಡು ದಿನ ಹೋದರೆ 26 ದಿನ, ಒಳಗೆ. ಒಂದೇ ದಿನವಾದರೆ 13, ಹೊರಗೆ. ದಿನಕ್ಕೊಂದರಂತೆ ಆರು ಮನೆ ತಿರುಗಿ ವಾರವಿಡೀ ಬೆನ್ನು ಮುರಿದವಳು ಯಾವ ಮನೆಗೂ ಕೆಲಸದವಳಲ್ಲ!

ಇಷ್ಟಕ್ಕೇ ಟೆಕ್ಸಸ್‌ನ ಮಾರ್ಷಲ್ ಪಟ್ಟಣದ ಗೃಹಿಣಿಯರು ಸಿಟ್ಟಿಗೆದ್ದರು. ಸರ್ಕಾರಕ್ಕೆ ಬಿಟ್ಟಿ ವಸೂಲಿ ಮಾಡಿಕೊಡಲು ತಾವೇನು ಗುಮಾಸ್ತರೇ ಎಂದು ಕೋರ್ಟಿಗೆ ಹೋಗಿ, 1953ರಲ್ಲಿ ಮೇಲ್ಮನವಿಯಲ್ಲೂ ಸೋತರು. ಮುಂದಿನ ವರ್ಷದ ತಿದ್ದುಪಡಿಯಲ್ಲಿ 24 ದಿನದ ಷರತ್ತು ಹೋಯಿತು. ಉಳಿದದ್ದು 50 ಡಾಲರ್. ಅದು ನಾಲ್ಕು ದಶಕ ಅಲ್ಲಾಡಲಿಲ್ಲ. ಬೆಲೆ ಏರಿದಂತೆ ಆ ಮೊತ್ತ ಸವೆದು ಜರಡಿಯ ಕಣ್ಣು ತಾನಾಗಿ ಕಿರಿದಾಯಿತು. ಕಾಗದದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಒಳಗೆ. ಕಟ್ಟುವವರು ಮಾತ್ರ ಕಡಿಮೆ.

ಅದು ಬಯಲಾದದ್ದು 1993ರಲ್ಲಿ. ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಆರಿಸಿದ್ದ ಝೋಯಿ ಬೇರ್ಡ್ ತಮ್ಮ ಮನೆಗೆಲಸದವರ ತೆರಿಗೆ ಕಟ್ಟಿರಲಿಲ್ಲವೆಂದು ಗೊತ್ತಾಗಿ ಹಿಂದೆ ಸರಿದರು. ಮರುವರ್ಷವೇ ಹೊಸ ಕಾಯ್ದೆ ಬಂತು. ಮೂರು ತಿಂಗಳಿಗೊಮ್ಮೆ ಫಾರಂ ತುಂಬುವ ರಗಳೆ ತಪ್ಪಿತು. ವರ್ಷಕ್ಕೊಮ್ಮೆ ಆದಾಯ ತೆರಿಗೆಯ ಜೊತೆಗೇ ಶೆಡ್ಯೂಲ್ ಎಚ್ ಎಂಬ ಪಟ್ಟಿ ಲಗತ್ತಿಸಿದರೆ ಸಾಕು. ಮಿತಿ ವರ್ಷಕ್ಕೆ 1,000 ಡಾಲರ್‌ಗೆ ಏರಿತು, ಮುಂದೆ ಕೂಲಿಯ ಮಟ್ಟ ಏರಿದಂತೆ ಅದೂ ಏರತೊಡಗಿತು. ಮನೆಯೊಡೆಯರ ತಲೆನೋವು ಇಳಿಯಿತು. ಜರಡಿಯ ಕಣ್ಣು ಮತ್ತೆ ಅಗಲವಾಯಿತು.

ಮರುದಿನ ನಾನೇ ಆ ಹುಡುಗಿಗೆ ಫೋನ್ ಮಾಡಿದೆ. "ಮೂರೂ ಮನೆಯವ್ರು ಸೇರಿ ಒಟ್ಟಿಗೆ ಕಟ್ಬಹುದಾ ಅಕ್ಕಾ?" ಎಂದಳು. ಇಲ್ಲ, ಒಬ್ಬೊಬ್ಬರೂ ಬೇರೆ ಯಜಮಾನರು, ಒಬ್ಬೊಬ್ಬರದೂ ಬೇರೆ ತೆರಿಗೆ ನಂಬರು, ಬೇರೆ ಡಬ್ಲ್ಯೂ-2 ಸಂಬಳ ಪತ್ರ. ದಾರಿ ಒಂದೇ: ಕ್ರಿಸ್‌ಮಸ್ ಇನಾಮು ಎಂದು ತಲಾ 300 ಡಾಲರ್ ನಗದು ಕೊಟ್ಟರೆ ಪ್ರತಿ ಮನೆಯೂ 2,800 ಮುಟ್ಟುತ್ತದೆ. ಆಗ ತೆರಿಗೆ ಕಟ್ಟಲೇಬೇಕು, ಮನೆಯ ಪಾಲು 214 ಡಾಲರ್ ಚಿಲ್ಲರೆ. ನ್ಯಾನಿಗೆ ನಾಲ್ಕೂ ಕ್ರೆಡಿಟ್.

"ಕೇಳಿ ನೋಡ್ತೀನಿ" ಎಂದಳು.

ಜನವರಿಯಲ್ಲಿ ನ್ಯಾನಿಯ ಕೈಗೆ ಬಂದದ್ದು ಒಂದೇ ಮನೆಯ ಡಬ್ಲ್ಯೂ-2. ಕ್ರೆಡಿಟ್ ಒಂದು. ಪಿಂಚಣಿಗೆ ಬೇಕಾದವು ನಲವತ್ತು.