ರಂಗನತಿಟ್ಟು: ಅಣೆಕಟ್ಟೆಯಿಂದ ಹಕ್ಕಿಗಳ ನೆಲೆಗೆ

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುವೆ ಇರುವ ರಂಗನತಿಟ್ಟಿನ ನಡುಗಡ್ಡೆಗಳು ಹುಟ್ಟಿದ್ದು ನೀರಾವರಿಯಿಂದ. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ನೀರು ನಿಂತು, ತಿಟ್ಟುಗಳು ಉಳಿದವು. ಸುತ್ತಲೂ ನೀರಿದ್ದುದರಿಂದ ಬೇಟೆಯಾಡುವ ಪ್ರಾಣಿಗಳಿಗೆ ಗೂಡುಗಳ ಬಳಿ ಸುಳಿಯುವುದು ಕಷ್ಟ. ಗದ್ದೆ ಬಯಲುಗಳಲ್ಲಿ ಮೇವೂ ಹೇರಳ. ಹಕ್ಕಿಗಳಿಗೆ ಇದಕ್ಕಿಂತ ಒಳ್ಳೆಯ ನೆಲೆ ಸಿಗುವುದು ವಿರಳ.

ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದ ಪಕ್ಷಿತಜ್ಞ ಸಲೀಂ ಅಲಿ ಈ ಸ್ಥಳದ ಮಹತ್ವವನ್ನು ಗುರುತಿಸಿ, ಅದರ ರಕ್ಷಣೆಗೆ ಅಂದಿನ ಮೈಸೂರು ಒಡೆಯರ ಮನವೊಲಿಸಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ಹಕ್ಕಿಗಳ ಕುರಿತ ಸಲೀಂ ಅಲಿಯವರ ಸಚಿತ್ರ ಕೈಪಿಡಿ 1941ರಲ್ಲಿ ಹೊರಬಂದ ಮೇಲೆ, ಹಕ್ಕಿಯನ್ನು ಕೋವಿಯಿಂದ ಕೆಡವದೆ ದುರ್ಬೀನಿನಿಂದಲೇ ಗುರುತಿಸುವ ಹವ್ಯಾಸ ಸಾಮಾನ್ಯರಿಗೂ ಎಟುಕಿತು. ಇದು ನಿಜಕ್ಕೂ ದೊಡ್ಡ ಬದಲಾವಣೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತವರಿಗೆ ಕೊಕ್ಕೇ ಮೊದಲ ಗುರುತು: ಹೆಜ್ಜಾರ್ಲೆಗೆ ಕೊಕ್ಕಿನಡಿ ಜೋಲುಚೀಲ, ಬಾಯಿಕಳಕಕ್ಕೆ ಮುಚ್ಚಿದರೂ ಉಳಿಯುವ ಸಂದು, ಚಮಚದ ಕೊಕ್ಕಿಗೆ ಚಪ್ಪಟೆ ತುದಿ. ಬಣ್ಣದ ಕೊಕ್ಕರೆಯ ಕೊಕ್ಕು ಹಳದಿ, ತುದಿ ತುಸು ಬಾಗಿದ್ದು.

ಮೇಲ್ಭಾಗದ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳು ಮುಳುಗಿ ಗೂಡುಗಳಿಗೆ ಹಾನಿಯಾಗುವುದುಂಟು. ಇದರ ನಡುವೆಯೂ 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.