ಹೃದಯದಲ್ಲಿ ರಂಧ್ರ: ಎಎಸ್‌ಡಿಯಲ್ಲಿವೆ ನಾಲ್ಕು ಬಗೆ, ಚಿಕಿತ್ಸೆಯೂ ಬೇರೆ ಬೇರೆ

'ಹೃದಯದಲ್ಲಿ ರಂಧ್ರವಿದೆ' ಎಂದು ವೈದ್ಯರು ಹೇಳಿದಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಅದು ಎಷ್ಟು ದೊಡ್ಡದು ಎಂಬುದು. ಆದರೆ ಅದು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಚಿಕಿತ್ಸೆಯ ದಾರಿ ನಿರ್ಧಾರವಾಗುವುದು ಅದರ ಮೇಲೆಯೇ.

ಏನಿದು ಎಎಸ್‌ಡಿ?

ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು. ಅವುಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ಇರುವ ರಂಧ್ರವೇ ಏಟ್ರಿಯಲ್ ಸೆಪ್ಟಲ್ ಡಿಫೆಕ್ಟ್ ಅಥವಾ ಎಎಸ್‌ಡಿ. ಎಡಗಡೆಯ ಶುದ್ಧ ರಕ್ತದ ಒಂದು ಪಾಲು ಬಲಕ್ಕೆ ಹರಿದು ಮತ್ತೆ ಶ್ವಾಸಕೋಶಕ್ಕೇ ಹೋಗುವುದರಿಂದ ಹೃದಯದ ಬಲಭಾಗ ಹಿಗ್ಗುತ್ತದೆ.

ನಾಲ್ಕು ಬಗೆಗಳು

1. ಸೆಕಂಡಮ್: ಗೋಡೆಯ ನಡುಭಾಗದಲ್ಲಿರುತ್ತದೆ. ಸುಮಾರು ಶೇ. 70ರಷ್ಟು ಪ್ರಕರಣಗಳು ಇದೇ ಬಗೆ. ಸಣ್ಣದಾಗಿದ್ದರೆ ಬಾಲ್ಯದಲ್ಲಿ ತಾನಾಗಿಯೇ ಮುಚ್ಚಿಕೊಳ್ಳಬಹುದು.

2. ಪ್ರೈಮಮ್: ಗೋಡೆಯ ಕೆಳಭಾಗದಲ್ಲಿ, ಕವಾಟಗಳ ಪಕ್ಕದಲ್ಲಿರುತ್ತದೆ. ಮೈಟ್ರಲ್ ಕವಾಟದಲ್ಲಿ ಸೀಳು ಇರುವುದು ಸಾಮಾನ್ಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚು.

3. ಸೈನಸ್ ವೀನೋಸಸ್: ಮಹಾಭಿಧಮನಿ ಹೃದಯವನ್ನು ಸೇರುವ ಜಾಗದಲ್ಲಿರುತ್ತದೆ. ಶ್ವಾಸಕೋಶದ ರಕ್ತನಾಳಗಳೂ ಇಲ್ಲಿ ತಪ್ಪು ಕಡೆಗೆ ಕೂಡಿಕೊಂಡಿರುತ್ತವೆ. ಸಾಮಾನ್ಯ ಎಕೋ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

4. ಕರೊನರಿ ಸೈನಸ್: ಅತಿ ಅಪರೂಪದ ಬಗೆ.

ಪಿಎಫ್‌ಒ ಎಂಬುದು ಇವುಗಳ ಸಾಲಿಗೆ ಸೇರುವುದಿಲ್ಲ. ಗರ್ಭದಲ್ಲಿ ಎಲ್ಲರಿಗೂ ಇರುವ ಕಿಂಡಿ ಹುಟ್ಟಿದ ಮೇಲೂ ಪೂರ್ತಿ ಅಂಟಿಕೊಳ್ಳದೆ ಉಳಿದ ಸ್ಥಿತಿ ಅದು. ನಾಲ್ವರು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ.

ತಡವಾಗಿ ಪತ್ತೆ ಏಕೆ?

ಎಎಸ್‌ಡಿ ಬಾಲ್ಯದಲ್ಲಿ ಹೆಚ್ಚು ತೊಂದರೆ ಕೊಡುವುದಿಲ್ಲ. ಐಎಎಸ್ ಕೋಚಿಂಗ್‌ಗೆಂದು ದೆಹಲಿಯ ಮುಖರ್ಜಿ ನಗರ ಸೇರುವ ವಯಸ್ಸಿನವರೆಗೂ ಗೊತ್ತಾಗದೆ ಇರಬಹುದು. ಮೆಟ್ಟಿಲು ಹತ್ತುವಾಗ ಬರುವ ಏದುಸಿರು, ಎದೆಬಡಿತ, ಆಯಾಸವನ್ನು ಓದಿನ ಒತ್ತಡವೆಂದು ತಳ್ಳಿಹಾಕಬಾರದು. ದೊಡ್ಡ ರಂಧ್ರವನ್ನು ಹಾಗೆಯೇ ಬಿಟ್ಟರೆ ಕೆಲವರಲ್ಲಿ ಶ್ವಾಸಕೋಶದ ಒತ್ತಡ ಏರಿ ರಕ್ತ ಬಲದಿಂದ ಎಡಕ್ಕೆ ಹರಿಯತೊಡಗುತ್ತದೆ. ಐಸೆನ್‌ಮೆಂಗರ್ ಎಂಬ ಆ ಹಂತ ತಲುಪಿದರೆ ರಂಧ್ರ ಮುಚ್ಚುವುದೇ ಅಪಾಯ.

ಚಿಕಿತ್ಸೆ ಏನು?

ಸುತ್ತ ಸಾಕಷ್ಟು ಅಂಚಿರುವ ಸೆಕಂಡಮ್ ರಂಧ್ರವನ್ನು ತೊಡೆಯ ರಕ್ತನಾಳದ ಮೂಲಕ ಸಾಧನ ಕಳುಹಿಸಿ, ಎದೆ ತೆರೆಯದೆಯೇ ಮುಚ್ಚಬಹುದು. ಉಳಿದ ಮೂರು ಬಗೆಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಅದು ಹೊಸದೇನಲ್ಲ: 1953ರಲ್ಲಿ ಅಮೆರಿಕದ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಯಂತ್ರ ಬಳಸಿ ಯಶಸ್ವಿಯಾಗಿ ನಡೆಸಿದ ಮೊದಲ ಶಸ್ತ್ರಚಿಕಿತ್ಸೆಯೇ ಎಎಸ್‌ಡಿ ಮುಚ್ಚುವುದಾಗಿತ್ತು.

ಎಲ್ಲಿ ತೋರಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ಹೃದ್ರೋಗದ ತಪಾಸಣೆಯೂ ನಡೆಯುತ್ತದೆ. ದೆಹಲಿಯಲ್ಲಿ ಏಮ್ಸ್ ಮತ್ತು ಜಿ.ಬಿ. ಪಂತ್ ಆಸ್ಪತ್ರೆ, ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರಿ ವಲಯದ ಪ್ರಮುಖ ಕೇಂದ್ರಗಳು. ಎಕೋ ವರದಿ ಕೈಸೇರಿದಾಗ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ರಂಧ್ರ ಯಾವ ಬಗೆಯದು, ಹೃದಯದ ಬಲಭಾಗ ಹಿಗ್ಗಿದೆಯೇ, ಶ್ವಾಸಕೋಶದ ಒತ್ತಡ ಎಷ್ಟಿದೆ.